ಡಿಕ್ಕಿ ಮೇಲೆ ಸ್ಪಾಯ್ಲರ್ ಹಾಕಿಸಿದರೆ ಹೈವೇಯಲ್ಲಿ ಮೈಲೇಜ್ ಜಾಸ್ತಿ ಆಗುತ್ತಾ?

ಪ್ರಶ್ನೆ: ನನ್ನದು ಐದು ವರ್ಷ ಹಳೆಯ ಪೆಟ್ರೋಲ್ ಸೆಡಾನ್. ಕೆಲಸದ ಮೇಲೆ ಬೆಂಗಳೂರು–ದಾವಣಗೆರೆ ಓಡಾಟ ಜಾಸ್ತಿ. ಹೈವೇಯಲ್ಲಿ ಲೀಟರಿಗೆ 18 ಕಿ.ಮೀ. ಬರುತ್ತಿದೆ. ಡಿಕ್ಕಿ ಮೇಲೆ ಎರಡು ಕಾಲಿನ ದೊಡ್ಡ ಸ್ಪಾಯ್ಲರ್ ಕೂರಿಸಿದರೆ 20 ಗ್ಯಾರಂಟಿ ಅಂತ ಆಕ್ಸೆಸರೀಸ್ ಅಂಗಡಿಯವರು ಹೇಳುತ್ತಿದ್ದಾರೆ. 6,000 ರೂಪಾಯಿ ಆಗುತ್ತದಂತೆ. ನನ್ನ ತಮ್ಮನ ಹ್ಯಾಚ್‌ಬ್ಯಾಕ್‌ಗೆ ಕಂಪನಿಯಿಂದಲೇ ಸ್ಪಾಯ್ಲರ್ ಬಂದಿದೆ. ಅವನಿಗೆ ಅದರಿಂದ ಲಾಭ ಆಗುತ್ತಿದೆಯಾ? ನಾನು ಹಾಕಿಸಲಾ, ಬೇಡವಾ?

ಉತ್ತರ: ಮೈಲೇಜ್‌ಗೋಸ್ಕರ ಅಂತಾದರೆ ಹಾಕಿಸಬೇಡಿ. ನಿಮ್ಮ ಕಾರಿನ ಮೇಲೆ ಆ ಸ್ಪಾಯ್ಲರ್‌ನಿಂದ 18 ಇದ್ದದ್ದು 20 ಆಗುವುದಿಲ್ಲ, 17.5ಕ್ಕೆ ಇಳಿಯುವ ಸಾಧ್ಯತೆಯೇ ಜಾಸ್ತಿ. ತಮ್ಮನ ಕಾರಿನ ಕಥೆ ಬೇರೆ. ಅಲ್ಲಿ ಸ್ವಲ್ಪ ಲಾಭ ಇರಬಹುದು. ಗಾಳಿಯ ಹರಿವು ಬದಲಿಸಲು ಕಾರಿನ ಹಿಂದೆ ಕೂರಿಸುವ ಪಟ್ಟಿ ಅಂತ ಎರಡನ್ನೂ ಸ್ಪಾಯ್ಲರ್ ಅಂತಲೇ ಕರೆಯುತ್ತೇವೆ, ಆದರೆ ಎರಡೂ ಮಾಡುವ ಕೆಲಸ ಒಂದೇ ಅಲ್ಲ. ಗೊಂದಲ ಶುರುವಾಗುವುದೇ ಇಲ್ಲಿಂದ.

ಮೊದಲು ಹೈವೇಯಲ್ಲಿ ನಿಮ್ಮ ಪೆಟ್ರೋಲ್ ಎಲ್ಲಿ ಖರ್ಚಾಗುತ್ತದೆ ಅಂತ ನೋಡೋಣ. ನಿಮ್ಮಂಥ ಒಂದು ಸಾಧಾರಣ ಸೆಡಾನ್, ಒಳಗೆ ಇಬ್ಬರು, ಒಟ್ಟು 1,200 ಕೆ.ಜಿ. ಅಂದುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಎಂಜಿನ್ ಮುಖ್ಯವಾಗಿ ಎರಡರ ವಿರುದ್ಧ ಕೆಲಸ ಮಾಡಬೇಕು. ಒಂದು, ಟೈರ್ ಉರುಳುವಾಗ ಆಗುವ ತಡೆ. ಇದು ಸುಮಾರು 130 ನ್ಯೂಟನ್ (ಬಲವನ್ನು ಅಳೆಯುವ ಮಾನ) ಇರುತ್ತದೆ, ವೇಗ ಹೆಚ್ಚಿದರೂ ಹೆಚ್ಚೇನೂ ಬದಲಾಗುವುದಿಲ್ಲ. ಇನ್ನೊಂದು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ನಮ್ಮ ಬಯಲುಸೀಮೆಯ ಎತ್ತರದಲ್ಲಿ ಲೆಕ್ಕ ಹಾಕಿದರೆ 60 ಕಿ.ಮೀ. ವೇಗದಲ್ಲಿ ಇದು 110 ನ್ಯೂಟನ್ ಹತ್ತಿರ, 80ರಲ್ಲಿ 190, 100ರಲ್ಲಿ 300, 120ರಲ್ಲಿ 430. ಊರೊಳಗೆ ಓಡಾಡುವಾಗ ಗಾಳಿಗೆ ಕೊಡುವ ಲೆಕ್ಕ ಏನೂ ಇಲ್ಲ, ಅಲ್ಲಿ ಬ್ರೇಕು, ಸಿಗ್ನಲ್ಲು, ಫಸ್ಟ್ ಗೇರೇ ಪೆಟ್ರೋಲ್ ಕುಡಿಯುವುದು. ಆದರೆ ನೂರರಲ್ಲಿ ಹೋಗುವಾಗ ಒಟ್ಟು ತಡೆಯಲ್ಲಿ ಮುಕ್ಕಾಲಿಗೆ ಸ್ವಲ್ಪ ಕಮ್ಮಿ ಗಾಳಿಯದ್ದೇ. ಹಾಗಾಗಿ ಹೈವೇಯಲ್ಲಿ ಕಾರಿನ ಆಕಾರದಿಂದ ಮೈಲೇಜ್ ಬದಲಾಗುತ್ತದೆ ಅನ್ನುವುದು ಖಂಡಿತ ನಿಜ. ಅಂಗಡಿಯವರ ಮಾತಿನಲ್ಲಿ ಇಷ್ಟು ಸತ್ಯ ಇದೆ.

ಈಗ ಆಕಾರದ ವಿಷಯ. ಗಾಳಿಯನ್ನು ಸೀಳಿಕೊಂಡು ಹೋಗುವುದು ಕಾರಿನ ಮೂತಿ, ಆದ್ದರಿಂದ ಮೂತಿ ಚೂಪಾಗಿದ್ದರೆ ಸಾಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಮುಂದೆ ಅಂಚುಗಳು ಸ್ವಲ್ಪ ಗುಂಡಗಿದ್ದರೆ ಗಾಳಿ ತಕರಾರಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ನಿಜವಾದ ಕಷ್ಟ ಇರುವುದು ಹಿಂದೆ. ಮಳೆಗಾಲದಲ್ಲಿ ತುಂಗಭದ್ರೆಯ ಸೇತುವೆ ಮೇಲೆ ನಿಂತು ಕಂಬದ ಕಡೆ ನೋಡಿ: ಮುಂದೆ ನೀರು ನುಣ್ಣಗೆ ಎರಡಾಗಿ ಹರಿಯುತ್ತದೆ, ಹಿಂದೆ ಸುಳಿ, ನೊರೆ, ಕಸವೆಲ್ಲ ಅಲ್ಲೇ ಗಿರಗಿರ ತಿರುಗುತ್ತಿರುತ್ತದೆ. ಕಾರಿನ ಹಿಂದೆಯೂ ಗಾಳಿಯಲ್ಲಿ ಹೀಗೇ ಆಗುತ್ತದೆ. ಚಾವಣಿ, ಪಕ್ಕ, ತಳದಿಂದ ಬಂದ ಗಾಳಿ ಕಾರು ಮುಗಿಯುವ ಜಾಗದಲ್ಲಿ ಮೈ ಬಿಟ್ಟು ಸಿಡಿಯುತ್ತದೆ, ಹಿಂದೆ ಒತ್ತಡ ಕಮ್ಮಿ ಇರುವ ಒಂದು ಸುಳಿ ಉಳಿಯುತ್ತದೆ. ಮುಂದೆ ಒತ್ತಡ ಜಾಸ್ತಿ, ಹಿಂದೆ ಕಮ್ಮಿ. ಹಾಗಾಗಿ ಕಾರನ್ನು ಯಾರೋ ಹಿಂದಕ್ಕೆ ಜಗ್ಗಿದ ಹಾಗೆ ಆಗುತ್ತದೆ. ಗಾಳಿಯ ತಡೆಯಲ್ಲಿ ದೊಡ್ಡ ಪಾಲು ಇದರದ್ದೇ.

ಇದನ್ನು ಕಣ್ಣಾರೆ ನೋಡಬೇಕು ಅಂದರೆ ಹೈವೇ ಪ್ರಯಾಣ ಮುಗಿಸಿ ಬಂದ ಹ್ಯಾಚ್‌ಬ್ಯಾಕ್‌ನ ಹಿಂದಿನ ಗಾಜು ನೋಡಿ. ಮುಂದಿನ ಗಾಜಿಗೆ ಹುಳ ಬಡಿದಿರುತ್ತದೆ, ಪಕ್ಕದ ಗಾಜು ಹೆಚ್ಚು ಕಮ್ಮಿ ಚೊಕ್ಕಟ, ಹಿಂದಿನ ಗಾಜಿನ ಮೇಲೆ ಮಾತ್ರ ಧೂಳಿನ ಪದರ. ಮಳೆಯಲ್ಲಾದರೆ ಕೆಸರಿನ ತುಂತುರು. ಚಕ್ರಗಳು ಎಬ್ಬಿಸಿದ ಧೂಳನ್ನು ಆ ಸುಳಿ ಮೇಲಕ್ಕೆ ಎಳೆದು ಗಾಜಿಗೆ ಮೆತ್ತುತ್ತದೆ. ಹ್ಯಾಚ್‌ಬ್ಯಾಕ್ ಮತ್ತು ಎಸ್‌ಯುವಿಗಳಿಗೆ ಹಿಂದೆ ವೈಪರ್ ಬೇಕಾಗುವುದು, ನಿಮ್ಮ ಸೆಡಾನ್‌ಗೆ ಇಲ್ಲದೆ ನಡೆಯುವುದು ಇದಕ್ಕೇ. ಸೆಡಾನ್‌ನಲ್ಲಿ ಚಾವಣಿಯ ಗಾಳಿ ಹಿಂದಿನ ಗಾಜಿನ ಮೇಲೆ ಜಾರಿಕೊಂಡು ಡಿಕ್ಕಿ ಮೇಲೆ ಇಳಿಯುತ್ತದೆ, ಸುಳಿ ಶುರುವಾಗುವುದು ಡಿಕ್ಕಿಯ ಆಚೆ.

ಹಿಂಭಾಗದ ಇಳಿಜಾರು ಎಷ್ಟಿರಬೇಕು ಅನ್ನುವುದೇ ದೊಡ್ಡ ವಿದ್ಯೆ. 1984ರಲ್ಲಿ ಎಸ್. ಆರ್. ಅಹ್ಮದ್ ಮತ್ತು ಜೊತೆಗಾರರು ಜರ್ಮನಿಯಲ್ಲಿ ಕಾರಿನಂಥ ಒಂದು ಸರಳ ಡಬ್ಬಿ ಮಾಡಿ, ಹಿಂದಿನ ಇಳಿಜಾರಿನ ಕೋನ ಮಾತ್ರ ಬದಲಾಯಿಸುತ್ತಾ ಗಾಳಿ ಸುರಂಗದಲ್ಲಿ ಅಳೆದರು. 12 ಡಿಗ್ರಿಯ ಸುತ್ತಮುತ್ತ ತಡೆ ಅತಿ ಕಮ್ಮಿ. ಅಲ್ಲಿಂದ ಏರುತ್ತಾ ಏರುತ್ತಾ 30 ಡಿಗ್ರಿ ಹತ್ತಿರ ಅತಿ ಜಾಸ್ತಿ. ಅದನ್ನು ದಾಟಿದ ಕೂಡಲೇ ಗಾಳಿ ಇಳಿಜಾರಿಗೆ ಅಂಟಿಕೊಳ್ಳುವುದನ್ನೇ ಬಿಟ್ಟುಬಿಡುತ್ತದೆ, ತಡೆ ಒಂದೇ ಸಲಕ್ಕೆ ಬಿದ್ದುಹೋಗುತ್ತದೆ! ಒಂದೆರಡು ಡಿಗ್ರಿಯಲ್ಲಿ ಇಷ್ಟು ವ್ಯತ್ಯಾಸ. ಇದನ್ನು ಯಾಕೆ ಹೇಳಿದೆ ಅಂದರೆ, ಕಾರಿನ ಹಿಂಭಾಗ ಅಷ್ಟು ಸೂಕ್ಷ್ಮ. ಅಲ್ಲಿ ಒಂದು ಪಟ್ಟಿ ಅಂಟಿಸಿದರೆ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಅಳೆಯದೆ ಗೊತ್ತಾಗುವುದಿಲ್ಲ.

ತಮ್ಮನ ಕಾರಿಗೆ ಬರೋಣ. ಹ್ಯಾಚ್‌ಬ್ಯಾಕ್‌ನಲ್ಲಿ ಸ್ಪಾಯ್ಲರ್ ಇರುವುದು ಚಾವಣಿಯ ತುದಿಯಲ್ಲಿ, ಹಿಂದಿನ ಗಾಜಿನ ನೆತ್ತಿ ಮೇಲೆ. ಅದು ಚಾವಣಿಯನ್ನೇ ಒಂದಿಷ್ಟು ಹಿಂದಕ್ಕೆ ಚಾಚಿದ ಹಾಗೆ. ಇಲ್ಲದಿದ್ದರೆ ಗಾಳಿ ಗುಂಡಗಿನ ಅಂಚಿನಲ್ಲಿ ಎಲ್ಲಿ ಬಿಡುವುದು ಅಂತ ತಿಳಿಯದೆ ಗಾಜಿನ ಕಡೆ ಬಾಗುತ್ತದೆ, ಬಾಗುವಾಗ ಅಲ್ಲಿ ಒತ್ತಡ ಇನ್ನೂ ಇಳಿಯುತ್ತದೆ. ಸ್ಪಾಯ್ಲರ್‌ನ ಚೂಪು ಅಂಚಿದ್ದರೆ ಗಾಳಿ ಒಂದು ಗೆರೆಯಲ್ಲಿ ನೀಟಾಗಿ ಬಿಟ್ಟುಕೊಳ್ಳುತ್ತದೆ, ಹಿಂದಿನ ಸುಳಿ ಸ್ವಲ್ಪ ಚಿಕ್ಕದಾಗುತ್ತದೆ. ಜರ್ಮನಿಯ ವುನಿಬಾಲ್ಡ್ ಕಾಮ್ 1930ರ ದಶಕದಲ್ಲೇ ತೋರಿಸಿಕೊಟ್ಟ ದಾರಿ ಇದು: ಬಾಲವನ್ನು ಹನಿಯಂತೆ ಉದ್ದಕ್ಕೆ ಎಳೆಯಬೇಕಾಗಿಲ್ಲ, ಸ್ವಲ್ಪ ಸಣ್ಣಗೆ ಮಾಡುತ್ತಾ ಬಂದು ಒಂದು ಕಡೆ ನೇರವಾಗಿ ಕತ್ತರಿಸಿದರೂ ಹೆಚ್ಚಿನ ಲಾಭ ಸಿಗುತ್ತದೆ. ಟೊಯೊಟಾ ಪ್ರಿಯಸ್‌ನ ಹಿಂಭಾಗ ಎತ್ತರಕ್ಕಿದ್ದು ಕಡಿದ ಹಾಗೆ ಕಾಣುವುದು ಇದೇ ಕಾರಣಕ್ಕೆ. 2003ರಲ್ಲಿ ಬಂದ ಎರಡನೇ ತಲೆಮಾರಿನ ಪ್ರಿಯಸ್‌ನ ಡ್ರ್ಯಾಗ್ ಅಂಕಿ, ಅಂದರೆ ಕಾರಿನ ಆಕಾರ ಗಾಳಿಗೆ ಎಷ್ಟು ತಡೆ ಒಡ್ಡುತ್ತದೆ ಅನ್ನುವ ಅಳತೆ, 0.26. ನಮ್ಮಲ್ಲಿ ಓಡುವ ಸಾಧಾರಣ ಕಾರುಗಳದ್ದು 0.30ರಿಂದ 0.35ರೊಳಗೆ ಇರುತ್ತದೆ ಅಂದುಕೊಳ್ಳಬಹುದು. ಈ ಅಂಕಿ ಕಮ್ಮಿ ಇದ್ದಷ್ಟೂ ಒಳ್ಳೆಯದು.

ಹಾಗಾದರೆ ತಮ್ಮನಿಗೆ ಎಷ್ಟು ಲಾಭ? ಒಳ್ಳೆಯ ರೂಫ್ ಸ್ಪಾಯ್ಲರ್‌ನಿಂದ ಗಾಳಿಯ ತಡೆ ಶೇ. 3 ಕಮ್ಮಿಯಾಯಿತು ಅನ್ನೋಣ. ನೂರರ ವೇಗದಲ್ಲಿ 300 ನ್ಯೂಟನ್‌ನಲ್ಲಿ 9 ನ್ಯೂಟನ್ ಉಳಿಯಿತು. ಟೈರಿನದ್ದೂ ಸೇರಿಸಿ ಒಟ್ಟು 430ರಲ್ಲಿ ಅದು ಶೇ. 2. ಎಂಜಿನ್ ತನ್ನ ಒಳಗಿನ ಘರ್ಷಣೆಗೆ ಅಂತ ಒಂದಿಷ್ಟು ಪೆಟ್ರೋಲ್ ಹೇಗಿದ್ದರೂ ಸುಡುತ್ತದೆ, ಅದನ್ನು ಕಳೆದರೆ ಪೆಟ್ರೋಲ್‌ನಲ್ಲಿ ಉಳಿತಾಯ ಶೇ. 1.5ರ ಹತ್ತಿರ. 18 ಇದ್ದದ್ದು 18.25 ಆಗಬಹುದು, ಅಷ್ಟೇ. ಕಂಪನಿಗಳಿಗೂ ಇದು ಗೊತ್ತು. ಸ್ಪಾಯ್ಲರ್ ಇರುವ ಟಾಪ್ ಎಂಡ್‌ಗೂ ಇಲ್ಲದ ಬೇಸ್ ಮಾಡೆಲ್‌ಗೂ ಎಂಜಿನ್, ಗೇರ್‌ಬಾಕ್ಸ್ ಒಂದೇ ಆಗಿದ್ದರೆ ಸಾಮಾನ್ಯವಾಗಿ ಒಂದೇ ಮೈಲೇಜ್ ಅಂಕಿ ಹೇಳುತ್ತಾರೆ. ಅದೂ ಅಲ್ಲದೆ ನಮ್ಮ ದೇಶದ ಮೈಲೇಜ್ ಪರೀಕ್ಷೆಯ ಮಾದರಿಯಲ್ಲಿ ವೇಗ 90 ದಾಟುವುದಿಲ್ಲ, ಬಹುಪಾಲು ಊರೊಳಗಿನ ನಿಧಾನ ಓಟವೇ. ಸ್ಪಾಯ್ಲರ್‌ನ ಗುಣ ಅಲ್ಲಿ ಕಾಣಿಸಿಕೊಳ್ಳಲು ಜಾಗವೇ ಇಲ್ಲ.

ಈಗ ನಿಮಗೆ ಹೇಳಿದ ಸ್ಪಾಯ್ಲರ್. ಎರಡು ಕಾಲಿನ ಮೇಲೆ ನಿಲ್ಲುವ ಅದು ಸರಿಯಾಗಿ ಹೇಳಬೇಕು ಅಂದರೆ ರೆಕ್ಕೆ. ರೇಸ್ ಕಾರಿನಿಂದ ಬಂದದ್ದು. ವಿಮಾನದ ರೆಕ್ಕೆಯನ್ನು ತಲೆಕೆಳಗು ಮಾಡಿದ ಆಕಾರ. ಅದರ ಕೆಲಸ ಹಿಂದಿನ ಚಕ್ರಗಳನ್ನು ರಸ್ತೆಗೆ ಒತ್ತಿ ಹಿಡಿಯುವುದು, ತಿರುವಿನಲ್ಲಿ ಕಾರು ಜಾರದಿರಲಿ ಅಂತ. ಗಾಳಿ ಇದನ್ನು ಪುಕ್ಕಟೆ ಮಾಡಿಕೊಡುವುದಿಲ್ಲ. ಕೆಳಕ್ಕೆ ಒತ್ತಡ ಬೇಕು ಅಂದರೆ ಬದಲಿಗೆ ತಡೆ ಕೊಡಲೇಬೇಕು. ಫಾರ್ಮುಲಾ ಒನ್ ರೇಸಿನಲ್ಲಿ 2011ರಿಂದ 2025ರವರೆಗೆ ಡಿಆರ್‌ಎಸ್ ಅಂತ ಒಂದು ವ್ಯವಸ್ಥೆ ಇತ್ತಲ್ಲ, ನೇರ ದಾರಿಯಲ್ಲಿ ಹಿಂದಿನ ರೆಕ್ಕೆಯ ಒಂದು ಎಲೆ ತೆರೆದುಕೊಳ್ಳುತ್ತಿತ್ತು, ಕಾರು ಗಂಟೆಗೆ ಹತ್ತು ಹನ್ನೆರಡು ಕಿ.ಮೀ. ಜಾಸ್ತಿ ವೇಗ ಪಡೆಯುತ್ತಿತ್ತು. ರೆಕ್ಕೆ ಕಾರನ್ನು ಎಷ್ಟು ಹಿಡಿದಿಟ್ಟಿರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಿಮ್ಮ ಡಿಕ್ಕಿ ಮೇಲೆ ಆ ರೆಕ್ಕೆ ಏನು ಮಾಡುತ್ತದೆ? ಒಂದು ಮೀಟರ್ ಮೇಲೆ ಸ್ವಲ್ಪ ಉದ್ದ, ಒಂದು ಗೇಣು ಅಗಲ ಇರುವ ಪಟ್ಟಿ ನೂರರ ವೇಗದಲ್ಲಿ ಕೆಳಕ್ಕೆ ಒತ್ತುವುದು ಹೆಚ್ಚೆಂದರೆ 5 ಕೆ.ಜಿ.ಯಷ್ಟು. ಅದೂ ಒಳ್ಳೆಯ ಗಾಳಿ ಸಿಕ್ಕಿದರೆ. ಚಾವಣಿಗಿಂತ ಕೆಳಗೆ ಇರುವುದರಿಂದ ಅದಕ್ಕೆ ಸಿಗುವುದು ಗಾಜಿನ ಮೇಲಿಂದ ಇಳಿದ ಕದಡಿದ ಗಾಳಿ. ಜೊತೆಗೆ ನಿಮ್ಮ ಕಾರನ್ನು ಎಳೆಯುವುದು ಮುಂದಿನ ಚಕ್ರಗಳು, ಹಿಂದಿನ ಚಕ್ರಕ್ಕೆ ಒತ್ತಡ ಕೊಟ್ಟು ಎಳೆತಕ್ಕೆ ಏನೂ ಉಪಯೋಗ ಇಲ್ಲ. ಆದರೆ ರೆಕ್ಕೆಯ ತಡೆ, ಅದರ ಎರಡು ಕಾಲಿನ ತಡೆ, ತುದಿಗಳಲ್ಲಿ ಏಳುವ ಸುಳಿಯ ತಡೆ ಎಲ್ಲವೂ ದಿನಾ ಇರುತ್ತದೆ. ಗಾಳಿಯ ತಡೆ ಶೇ. 5 ಹೆಚ್ಚಿದರೂ ಪೆಟ್ರೋಲ್ ಖರ್ಚು ಶೇ. 2.5ರಷ್ಟು ಏರುತ್ತದೆ. ಮೊದಲು ಹೇಳಿದ 17.5 ಬಂದದ್ದು ಈ ಲೆಕ್ಕದಿಂದ.

ಹಾಗಂತ ಸೆಡಾನ್‌ಗೆ ಯಾವ ಸ್ಪಾಯ್ಲರೂ ಪ್ರಯೋಜನವಿಲ್ಲ ಅಂತ ನಾನು ಹೇಳುತ್ತಿಲ್ಲ. ಡಿಕ್ಕಿಯ ತುದಿಯಲ್ಲಿ ಎರಡು ಮೂರು ಸೆಂಟಿಮೀಟರ್ ಎತ್ತರದ ತುಟಿಯಂಥ ಅಂಚು ಸರಿಯಾದ ಜಾಗದಲ್ಲಿದ್ದರೆ ಹಿಂಭಾಗ ಮೇಲೇಳುವುದನ್ನೂ ತಡೆಯುತ್ತದೆ, ಗಾಳಿಯ ತಡೆಯನ್ನೂ ಸ್ವಲ್ಪ ಇಳಿಸುತ್ತದೆ. ಇದಕ್ಕೆ ಹೆಸರಾದ ಉದಾಹರಣೆ 1972ರ ಪೋರ್ಶೆ 911 ಕರೆರಾ ಆರ್‌ಎಸ್ 2.7. ಅದರ ಹಿಂದಿನ ಬಾತುಕೋಳಿ ಬಾಲದಂಥ ಸ್ಪಾಯ್ಲರ್ ಹಾಕಿದ್ದು ಮುಖ್ಯವಾಗಿ ಹಿಂದಿನ ಚಕ್ರ ಹಗುರಾಗದಿರಲಿ ಅಂತ, ಆದರೆ ಟಾಪ್ ಸ್ಪೀಡ್ ಕೂಡ ಗಂಟೆಗೆ 4.5 ಕಿ.ಮೀ. ಜಾಸ್ತಿಯಾಯಿತು. ಸುಮ್ನೆ ಬಂದ ಫಲ ಅಲ್ಲ ಅದು. ಎಂಜಿನಿಯರ್‌ಗಳು ಅಂಚಿನ ಎತ್ತರವನ್ನು ಸ್ವಲ್ಪ ಸ್ವಲ್ಪವೇ ಬದಲಾಯಿಸಿ ಅಳೆದು, ಎರಡೂ ಸರಿಹೋಗುವ ಒಂದು ಎತ್ತರಕ್ಕೆ ನಿಲ್ಲಿಸಿದರು. ಇನ್ನೊಂದು ಉದಾಹರಣೆ ಆಡಿ ಟಿಟಿ. 1998ರಲ್ಲಿ ಸ್ಪಾಯ್ಲರ್ ಇಲ್ಲದೆ, ಸುಂದರವಾದ ಗುಂಡು ಬೆನ್ನಿನೊಂದಿಗೆ ಬಂದ ಕಾರು. ಜರ್ಮನಿಯ ಹೈವೇಗಳಲ್ಲಿ ಭಾರೀ ವೇಗದಲ್ಲಿ ಅಪಘಾತಗಳಾದ ಮೇಲೆ ಹಿಂದೆ ಒಂದು ಸಣ್ಣ ಸ್ಪಾಯ್ಲರ್ ಸೇರಿಸಿದರು. ಅಲ್ಲಿ ಮೈಲೇಜ್ ಮಾತೇ ಇಲ್ಲ, ಜೀವ ಉಳಿಸುವ ಮಾತು. ಈ ಎರಡೂ ಕಡೆ ಸ್ಪಾಯ್ಲರ್ ಆ ಒಂದೇ ಕಾರಿನ ಬೆನ್ನಿಗೆ ಅಳತೆ ನೋಡಿ ಮಾಡಿದ್ದು. ಅಂಗಡಿಯಲ್ಲಿ ಸಿಗುವುದು ಹತ್ತು ಬಗೆಯ ಕಾರಿಗೆ ಕೂರುವ ಒಂದೇ ಅಚ್ಚಿನ ಪ್ಲಾಸ್ಟಿಕ್.

ಇನ್ನು 18ರಿಂದ 20ರ ಮಾತು. ಅಷ್ಟು ಬೇಕಾದರೆ ಪೆಟ್ರೋಲ್ ಶೇ. 10 ಉಳಿಯಬೇಕು. ಹೈವೇಯಲ್ಲಿ ಗಾಳಿಯ ತಡೆ ಎಷ್ಟು ಇಳಿದರೆ ಪೆಟ್ರೋಲ್ ಅದರ ಅರ್ಧದಷ್ಟು ಇಳಿಯುತ್ತದೆ ಅನ್ನುವುದು ನಾವೆಲ್ಲ ಬಳಸುವ ಅಂದಾಜು. ಅಂದರೆ ಗಾಳಿಯ ತಡೆ ಶೇ. 20 ಬೀಳಬೇಕು. ನಿಮ್ಮ ಕಾರಿನ 0.32, ಪ್ರಿಯಸ್‌ನ 0.26ಕ್ಕೆ ಬಂದು ನಿಲ್ಲಬೇಕು. ಮೂತಿ, ತಳ, ಕನ್ನಡಿ, ಚಕ್ರ, ಬಾಲ ಎಲ್ಲವನ್ನೂ ಹೊಸದಾಗಿ ವಿನ್ಯಾಸ ಮಾಡಿ ವರ್ಷಗಟ್ಟಲೆ ಗಾಳಿ ಸುರಂಗದಲ್ಲಿ ಕೂತು ಸಾಧಿಸುವ ವಿಷಯ ಅದು. ಆರು ಸಾವಿರ ರೂಪಾಯಿಯ ಒಂದು ಪಟ್ಟಿಯಿಂದ ಅದು ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

"ಆದರೆ ಹಾಕಿಸಿದವರು ಮೈಲೇಜ್ ಬಂತು ಅಂತಾರಲ್ಲ" ಅಂತ ನೀವು ಕೇಳಬಹುದು. ಅವರು ಸುಳ್ಳು ಹೇಳುತ್ತಿಲ್ಲ. ಅಳೆದ ರೀತಿ ಸರಿಯಿಲ್ಲ. ನಿಮ್ಮದೇ ದಾರಿ ತೆಗೆದುಕೊಳ್ಳಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ದಾವಣಗೆರೆ 600ರ ಹತ್ತಿರ. ತುಮಕೂರು, ಶಿರಾ, ಹಿರಿಯೂರು ಅಂತ ಹೋಗುವಾಗ ಏರಿಳಿತ ಎಷ್ಟೇ ಇದ್ದರೂ ಒಟ್ಟಿನಲ್ಲಿ ನೀವು 300 ಮೀಟರ್ ಕೆಳಗೆ ಇಳಿಯುತ್ತೀರಿ. 1,200 ಕೆ.ಜಿ. ಕಾರು 300 ಮೀಟರ್ ಹತ್ತಲು ಬೇಕಾಗುವ ಶಕ್ತಿ ಪೆಟ್ರೋಲ್ ಲೆಕ್ಕದಲ್ಲಿ ಹೆಚ್ಚು ಕಮ್ಮಿ ಮೂರನೇ ಒಂದು ಲೀಟರ್. 260 ಕಿ.ಮೀ. ದಾರಿಗೆ ನಿಮಗೆ ಬೇಕಾಗುವುದು ಹದಿನಾಲ್ಕೂವರೆ ಲೀಟರ್. ಒಳ್ಳೆಯ ಸ್ಪಾಯ್ಲರ್ ಉಳಿಸಬಹುದಾದದ್ದು ಅದರಲ್ಲಿ ಕಾಲು ಲೀಟರ್‌ಗಿಂತ ಕಮ್ಮಿ. ಅಂದರೆ ಹೋಗುವಾಗ ಅಳೆದಿರಾ, ಬರುವಾಗ ಅಳೆದಿರಾ ಅನ್ನುವುದೇ ಸ್ಪಾಯ್ಲರ್‌ಗಿಂತ ದೊಡ್ಡ ವ್ಯತ್ಯಾಸ ತರುತ್ತದೆ!

ಗಾಳಿಯಂತೂ ಇನ್ನೂ ಜೋರು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲವಲ್ಲ. ಮುಂಗಾರಿನಲ್ಲಿ ಅಲ್ಲಿ ಪಶ್ಚಿಮದ ಕಡೆಯಿಂದ ಬೀಸುತ್ತದೆ, ದಾವಣಗೆರೆಗೆ ಹೋಗುವವರಿಗೆ ಎದುರುಗಾಳಿ, ಬೆಂಗಳೂರಿಗೆ ಬರುವವರಿಗೆ ಹಿಂಗಾಳಿ. ನೀವು 90ರಲ್ಲಿ ಹೋಗುತ್ತಿರುವಾಗ ಎದುರಿಂದ 20ರ ಗಾಳಿ ಬಂದರೆ ಕಾರಿಗೆ ತಾಕುವುದು 110ರ ಗಾಳಿ. ತಡೆ ಒಂದೂವರೆ ಪಟ್ಟು. ಅದೇ ಗಾಳಿ ಬೆನ್ನಿಗಿದ್ದರೆ ತಡೆ ಶೇ. 40ರಷ್ಟು ಕಮ್ಮಿ. ಜುಲೈನಲ್ಲಿ ಒಬ್ಬರು ಸ್ಪಾಯ್ಲರ್ ಇಲ್ಲದೆ ದಾವಣಗೆರೆಗೆ ಹೋಗಿ ಮೈಲೇಜ್ ಬರೆದುಕೊಂಡು, ನವೆಂಬರ್‌ನಲ್ಲಿ ಸ್ಪಾಯ್ಲರ್ ಹಾಕಿಸಿ ಮತ್ತೆ ಹೋಗಿ ಬರೆದುಕೊಂಡರೆ ವ್ಯತ್ಯಾಸ ಕಾಣದೆ ಇರುತ್ತದಾ? ಆರು ಸಾವಿರ ಕೊಟ್ಟ ಮೇಲೆ ಆಕ್ಸಿಲರೇಟರ್ ಮೇಲಿನ ಕಾಲು ಕೂಡ ಗೊತ್ತಿಲ್ಲದೆಯೇ ಸ್ವಲ್ಪ ಹಗುರಾಗುತ್ತದೆ, ಅದೂ ಲೆಕ್ಕಕ್ಕೆ ಸೇರುತ್ತದೆ.

ನಿಜವಾಗಿ ತಿಳಿದುಕೊಳ್ಳುವ ಆಸೆ ಇದ್ದರೆ ಒಂದು ಕೆಲಸ ಮಾಡಿ. ಉಣ್ಣೆಯ ದಾರವನ್ನು ಬೆರಳುದ್ದ ತುಂಡು ಮಾಡಿ, ಹಿಂದಿನ ಗಾಜು ಮತ್ತು ಡಿಕ್ಕಿ ಮೇಲೆ ಸಾಲಾಗಿ ಟೇಪ್ ಹಚ್ಚಿ ಅಂಟಿಸಿ, ಒಂದು ತುದಿ ಬಿಟ್ಟುಬಿಡಿ. ಇನ್ನೊಂದು ಕಾರಿನಲ್ಲಿ ಪಕ್ಕದ ಲೇನಿನಲ್ಲಿ ಬರುವವರು ಫೋನ್‌ನಲ್ಲಿ ವಿಡಿಯೋ ತೆಗೆಯಲಿ, ಓಡಿಸುವವರು ಬೇಡ. ದಾರ ನೆಟ್ಟಗೆ ಹಿಂದಕ್ಕೆ ಮಲಗಿದ್ದರೆ ಅಲ್ಲಿ ಗಾಳಿ ಮೈಗೆ ಅಂಟಿಕೊಂಡು ಹರಿಯುತ್ತಿದೆ ಅಂತ ಅರ್ಥ. ಪಟಪಟ ಕುಣಿಯುತ್ತಿದ್ದರೆ, ಕೆಲವೊಮ್ಮೆ ಮುಂದಕ್ಕೂ ತಿರುಗಿದರೆ, ಅಲ್ಲಿ ಸುಳಿ. ನಿಮ್ಮ ರೆಕ್ಕೆ ಕೂರಬೇಕಾದ ಜಾಗದಲ್ಲಿ ದಾರ ಕುಣಿಯುತ್ತಿದೆಯಾ ನೋಡಿ. ಕಂಡರೆ ಅಂಗಡಿಯವರಿಗೂ ಆ ವಿಡಿಯೋ ತೋರಿಸಿ.

ಲೀಟರಿಗೆ ಒಂದೂವರೆ ಕಿ.ಮೀ. ಜಾಸ್ತಿ ಖಂಡಿತ ಬೇಕು ಅಂದರೆ ಅದು ಖರ್ಚಿಲ್ಲದೆ ಸಿಗುತ್ತದೆ. ನೂರರಲ್ಲಿ ಹೋಗುವ ಬದಲು ತೊಂಬತ್ತರಲ್ಲಿ ಹೋಗಿ. ಒಟ್ಟು ತಡೆ 430ರಿಂದ 370 ನ್ಯೂಟನ್‌ಗೆ ಇಳಿಯುತ್ತದೆ, ಶೇ. 14 ಕಮ್ಮಿ. ಪೆಟ್ರೋಲ್‌ನಲ್ಲಿ ಶೇ. 7–8 ಉಳಿಯುತ್ತದೆ. 260 ಕಿ.ಮೀ.ಗೆ ನಿಮಗೆ ಆಗುವ ತಡ 17 ನಿಮಿಷ, ಒಂದು ಕಾಫಿಯಷ್ಟು. ಟೈರ್‌ನಲ್ಲಿ ಆರು ಪಿಎಸ್‌ಐ ಗಾಳಿ ಕಮ್ಮಿ ಇದ್ದರೆ ಶೇ. 1ಕ್ಕಿಂತ ಸ್ವಲ್ಪ ಜಾಸ್ತಿ ಪೆಟ್ರೋಲ್ ಹೋಗುತ್ತದೆ. ಒಳ್ಳೆಯ ಸ್ಪಾಯ್ಲರ್‌ನ ಪೂರ್ತಿ ಲಾಭ ಅಷ್ಟೇ ಇರುವುದು, ಗಾಳಿ ಹಿಡಿಸಿದರೆ ಅದು ವಾಪಸ್. ಚಾವಣಿ ಮೇಲೆ ಲಗೇಜ್ ಕ್ಯಾರಿಯರ್ ಇದ್ದರೆ, ಖಾಲಿ ಇದ್ದರೂ ಬಿಚ್ಚಿಡಿ. ಚಾವಣಿ ಮೇಲೆ ದೊಡ್ಡ ಲಗೇಜ್ ಪೆಟ್ಟಿಗೆ ಇದ್ದರೆ ಹೈವೇಯಲ್ಲಿ ಶೇ. 6ರಿಂದ 17ರವರೆಗೆ ಮೈಲೇಜ್ ಹೋಗುತ್ತದೆ ಅಂತ ಅಮೆರಿಕ ಸರ್ಕಾರದ ಇಂಧನ ಮಾಹಿತಿಯೇ ಹೇಳುತ್ತದೆ. ಸಾಮಾನು ಡಿಕ್ಕಿಯಲ್ಲಿ ಹಿಡಿಯುವಷ್ಟೇ ಇದ್ದರೆ ಡಿಕ್ಕಿಯಲ್ಲೇ ಇಡಿ.

ಇಷ್ಟೆಲ್ಲ ಓದಿಯೂ ಅಂದಕ್ಕೆ ಅಂತ ಹಾಕಿಸುವ ಮನಸ್ಸಿದ್ದರೆ ಎತ್ತರದ ರೆಕ್ಕೆ ಬೇಡ, ನಿಮ್ಮ ಮಾಡೆಲ್‌ಗೆ ಅಂತಲೇ ಕಂಪನಿ ಕೊಡುವ ಸಣ್ಣ ಅಂಚಿನದ್ದು ನೋಡಿ. ಡಿಕ್ಕಿಗೆ ತೂತು ಕೊರೆಯಲು ಬಿಡಬೇಡಿ. ಕೊರೆದ ಜಾಗದಲ್ಲಿ ಬಣ್ಣ ಕಿತ್ತು ನೀರು ಇಳಿದರೆ ಒಂದೆರಡು ಮಳೆಗಾಲದಲ್ಲಿ ತುಕ್ಕು ಶುರುವಾಗುತ್ತದೆ. ಹಿಂದಿನ ಗಾಜಿನೊಳಗಿನ ಎತ್ತರದ ಬ್ರೇಕ್ ಲೈಟ್ ಹಿಂದಿನವರಿಗೆ ಮರೆಯಾಗಬಾರದು. ಇದು ಮೈಲೇಜ್‌ಗಿಂತ ದೊಡ್ಡ ವಿಷಯ, ರಾತ್ರಿ ಹಿಂದೆ ಲಾರಿ ಬರುತ್ತಿರುವಾಗ ನಿಮ್ಮನ್ನು ಉಳಿಸುವುದು ಆ ಲೈಟೇ. ಡಿಕ್ಕಿ ಮುಚ್ಚಳಕ್ಕೆ ತೂಕ ಬಿದ್ದರೆ ಅದನ್ನು ಎತ್ತಿ ಹಿಡಿಯುವ ಸ್ಪ್ರಿಂಗ್ ಸೋಲುತ್ತದೆ, ಸಾಮಾನು ತೆಗೆಯುವಾಗ ತಲೆ ಮೇಲೆ ಬೀಳುವುದೂ ಉಂಟು.

ತಮ್ಮನಿಗೆ ಹೇಳಿ, ಅವನ ಕಾರಿನ ಸ್ಪಾಯ್ಲರ್ ಹಾಗೇ ಇರಲಿ. ಬಿರುಕು ಬಿಟ್ಟಿದ್ದರೆ ಅಥವಾ ಒಂದು ಬದಿ ಸಡಿಲಾಗಿ ಎದ್ದಿದ್ದರೆ ಮಾತ್ರ ಸರಿಮಾಡಿಸಲಿ, ನೂರರ ವೇಗದಲ್ಲಿ ಅದು ಕಿತ್ತು ಹಾರಿದರೆ ಹಿಂದೆ ಬರುವ ಬೈಕಿನವರಿಗೆ ಅಪಾಯ.